ಮುಯ್ಯಿ ಪುಸ್ತಕ ಇರುವ ಮನೆ

ವರ್ಷದ ಊಟ ಶನಿವಾರ ಮುಗಿಯಿತು. ಭಾನುವಾರ ಬೆಳಗ್ಗೆ ದಾಮಿರ್ ಬಂದು ಮುಯ್ಯಿ ಪುಸ್ತಕ ಕೇಳಿದ.

ಜಿಪಾರ್ ಅಂಗಳದಲ್ಲಿ ಕಡಾಯಿ ಉಜ್ಜುತ್ತಿದ್ದಳು. ಮುನ್ನೂರು ಜನಕ್ಕೆ ಮಾಂಸ ಬೇಯಿಸಿದ ಕಡಾಯಿ. ಹಿಂದಿನ ದಿನ ಊರಿನ ಹಿರಿಯ ಹೆಂಗಸರು ಅವಳ ತಲೆಯ ಕಪ್ಪು ವಸ್ತ್ರ ಬಿಚ್ಚಿ ಬಿಳಿಯದನ್ನು ಕಟ್ಟಿದ್ದರು. ಗಂಡ ತಿಲೆಕ್ ಸತ್ತು ವರ್ಷವಾಗಿತ್ತು. ಏಪ್ರಿಲ್‌ನಲ್ಲೂ ಹಿಮ ಕರಗದ ಕಣಿವೆಯ ದಾರಿಯಲ್ಲಿ ಅವನ ಲಾರಿ ಜಾರಿತ್ತು. ಕೇಳಿದವರಿಗೆ ಅವಳು ಅಷ್ಟೇ ಹೇಳುತ್ತಿದ್ದಳು.

"ಪುಸ್ತಕ ನಮ್ಮನೇಲಿರ್ಲಿ ಕಣಮ್ಮ," ಎಂದ ದಾಮಿರ್. ಅವನು ತಿಲೆಕ್‌ನ ಅಣ್ಣ. ಎರಡು ಬೀದಿ ಆಚೆ ಅವನ ಮನೆ. "ಇನ್ನೂರು ಮನೆ ಮುಯ್ಯಿ ಹೊರೋದು ಅಂದ್ರೆ ಹೆಂಗಸಿನ ಕೈಲಾಗೋ ಕೆಲಸ ಅಲ್ಲ. ಅಮ್ಮನ್ನೂ ನಾನೇ ನೋಡ್ಕೋತೀನಿ. ನೀನೂ ಒಂದು ವರ್ಷದಿಂದ ದಣಿದಿದೀಯ. ನಿಮ್ಮಪ್ಪನ ಮನೆಗೆ ಹೋಗಿ ಸ್ವಲ್ಪ ದಿನ ಇರು."

"ಸ್ವಲ್ಪ ದಿನ ಅಂದ್ರೆ ಎಷ್ಟು ದಿನ ಭಾವ?"

ದಾಮಿರ್ ಕಡಾಯಿ ನೋಡಿದ. "ಅದೆಲ್ಲ ಆಮೇಲೆ ಮಾತಾಡೋಣ."

ಆಮೇಲಿನ ಮಾತು ಜಿಪಾರ್‌ಗೆ ಗೊತ್ತಿತ್ತು. ಅಕ್ಟೋಬರಿನಲ್ಲಿ ದಾಮಿರ್‌ನ ಮಗನ ಮದುವೆ. ಹೊಸ ದಂಪತಿಗೆ ಮನೆ ಬೇಕು. ಸೇಬಿನ ಗಿಡ, ಎರಡು ಕೋಣೆ, ಹೊಸ ತಗಡಿನ ಸೂರು, ಈ ಮನೆಗಿಂತ ಒಳ್ಳೆಯದು ಎಲ್ಲಿ ಸಿಗಬೇಕು?

ತಿಲೆಕ್‌ನನ್ನು ಮಣ್ಣು ಮಾಡಿದ ದಿನ ಊರಿಗೆ ಊರೇ ಏನಾದರೊಂದು ತಂದಿತ್ತು. ಕುರಿ ತಂದವರಿದ್ದರು, ಚಹದ ಪೊಟ್ಟಣ ತಂದವರಿದ್ದರು, ಲಕೋಟೆಯಲ್ಲಿ ಐನೂರು ಸೋಮ್‌ನ ನೋಟು ಇಟ್ಟು ಕೊಟ್ಟವರಿದ್ದರು. ಗಣಿತದ ಮೇಷ್ಟ್ರು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಒಂದೊಂದನ್ನೂ ಹಸಿರು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಇನ್ನೂರ ಹನ್ನೆರಡು ಸಾಲು. ಇನ್ನು ಅವರವರ ಮನೆಯಲ್ಲಿ ಮದುವೆಯೋ ಸಾವೋ ತೊಟ್ಟಿಲೋ ಬಂದಾಗ ಅಷ್ಟನ್ನು, ಅದರ ಮೇಲೆ ಇನ್ನೊಂಚೂರನ್ನು, ತೆಗೆದುಕೊಂಡು ಹೋಗಬೇಕು. ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಬಾಗಿಲಿಗೆ ಕರೆಯುವವರು ಬರುತ್ತಾರೆ. ಕರೆಯುವವರು ನಿಲ್ಲದೆ ಹೋಗುವ ಬಾಗಿಲು ಇದ್ದೂ ಇಲ್ಲದ ಬಾಗಿಲು. ಆ ಮನೆಯವರು ಯಾರದೋ ಮನೆಯ ಮೂಲೆಯಲ್ಲಿ ಊಟ ಮಾಡುವವರು, ಅಷ್ಟೆ.

ಇನ್ನೂರ ಹನ್ನೆರಡು ಮನೆಯ ಋಣವನ್ನು ತಾನೇ ಹೊರುತ್ತೇನೆಂದು ಒಬ್ಬ ಗಂಡಸು ಬೆಳಗ್ಗೆ ಎದ್ದು ಬಂದರೆ ಅದು ದಯೆಯಲ್ಲ ಎಂದು ಅವಳಿಗೆ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ.

"ಶುಕ್ರವಾರ ನಮಾಜು ಮುಗಿದ ಮೇಲೆ ಹಿರಿಯರು ಇಲ್ಲೇ ಕೂತ್ಕೋತಾರೆ," ಎಂದ ದಾಮಿರ್. "ಅಷ್ಟರಲ್ಲಿ ತೆಗೆದಿಟ್ಟಿರು."

"ಪುಸ್ತಕ ಮನೇಲಿಲ್ಲ ಭಾವ."

"ಎಲ್ಲಿದೆ?"

"ಭದ್ರವಾಗಿದೆ."

ಅವನ ಹಿಂದೆ ನಿಂತಿದ್ದ ಹೆಂಡತಿ ನಸಿಪಾಗೆ ತಡೆಯಲಾಗಲಿಲ್ಲ. "ಅದೇ ಮತ್ತೆ! ನಿನ್ನೆ ಅಷ್ಟೊಂದು ಕೌದಿ ಹುಡುಕಿದ್ರೂ... ಕೊಡವಿದ್ರೂ ಅಂದೆ. ಅಷ್ಟೊಂದು ಕೌದಿ ಕೊಡವಿದ್ರೂ ಒಂದು ಧೂಳಿನ ಕಣ ಬೀಳ್ಲಿಲ್ಲ ಕಣೇ. ಎಷ್ಟು ಚೊಕ್ಕಟವಾಗಿಟ್ಟಿದೀಯ!"

"ನೀವು ಬರ್ತೀರಿ ಅಂತ ಗೊತ್ತಿತ್ತಲ್ಲ ಅಕ್ಕ, ಅದಕ್ಕೇ ಮೊದಲೇ ಕೊಡವಿಟ್ಟಿದ್ದೆ," ಎಂದಳು ಜಿಪಾರ್.

ಊರಿನ ಎಲ್ಲ ಮನೆಗಳಲ್ಲೂ ಗೋಡೆಗೆ ಒತ್ತಿ ಪೇರಿಸಿದ ಕೌದಿಗಳ ನಡುವೆಯೇ ಕಾಗದಪತ್ರ ಇರುತ್ತದೆ. ಎಲ್ಲರೂ ಅಲ್ಲೇ ಇಡುವುದರಿಂದ ಎಲ್ಲರಿಗೂ ಅದು ಗೊತ್ತು. ಊಟದ ದಿನ ನೆಂಟರಿಗೆ ಹಾಸಲು ಕೌದಿ ಇಳಿಸುವ ಹೆಂಗಸರು ಮೊದಲು ಕೈ ಹಾಕುವುದು ಮಡಿಕೆಯೊಳಗೆ. ಯಾರ ಮನೆಯವರು ಎಷ್ಟು ಕೊಟ್ಟರು ಎಂಬುದು ಸಂಜೆಯೊಳಗೆ ಬಾವಿಕಟ್ಟೆಗೆ ತಲುಪಿರುತ್ತದೆ. ಜಿಪಾರ್ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಗುರುವಾರವೇ ಹಸಿರು ಪುಸ್ತಕವನ್ನು ತೆಗೆದುಕೊಂಡು ಹೋಗಿ ಪ್ರಯೋಗಾಲಯದ ಕಬ್ಬಿಣದ ಕಪಾಟಿನಲ್ಲಿ, ಗಂಧಕಾಮ್ಲದ ಸೀಸೆಗಳ ಹಿಂದೆ ಇಟ್ಟು ಬಂದಿದ್ದಳು. ಕಪಾಟಿನ ಮೇಲೆ ತಲೆಬುರುಡೆಯ ಚಿತ್ರ. ಎರಡೇ ಕೀಲಿ. ಒಂದು ಅವಳದು, ಇನ್ನೊಂದು ಮುಖ್ಯೋಪಾಧ್ಯಾಯರದು. ಅವರು ಆ ಕಪಾಟಿನ ಎದುರು ಹಾದುಹೋಗುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದರು. ಶನಿವಾರ ಬಂದ ಮುಯ್ಯಿಯನ್ನು ಮೇಷ್ಟ್ರು ಬಿಡಿ ಹಾಳೆಗಳಲ್ಲಿ ಬರೆದಿದ್ದರು. ಆ ಹಾಳೆಗಳು ಈಗ, ಕಡಾಯಿ ಉಜ್ಜುವಾಗಲೂ, ಅವಳ ಒಳಂಗಿಯಲ್ಲಿದ್ದವು.

ಹೋಗುವಾಗ ನಸಿಪಾ ಸೇಬಿನ ಗಿಡಗಳನ್ನು ಎಣಿಸಿದಳು. ತುಟಿ ಅಲ್ಲಾಡಿದ್ದು ಕಾಣಿಸಿತು.

ಮಂಗಳವಾರ ಶಾಲೆ ಬಿಟ್ಟು ಬಂದವಳು ಪೆಟ್ಟಿಗೆ ತೆಗೆದಳು. ಹಿರಿಯರು ಕೂರುವ ಮೊದಲು ಮನೆಯ ಕಾಗದಗಳೆಲ್ಲ ಒಂದು ಕ್ರಮಕ್ಕೆ ಬರಬೇಕು ಎಂದು ತೀರ್ಮಾನಿಸಿದ್ದಳು. ಅತ್ತೆ ಕಾಲಿಪಾ ಕನ್ನಡಕ ಹಾಕಿಕೊಂಡು ಎದುರಿಗೆ ಕೂತಳು. ಅರವತ್ತೆಂಟರ ಮುದುಕಿ. ಮೂವತ್ತು ವರ್ಷ ಸಾಮೂಹಿಕ ಜಮೀನಿನ ಡೈರಿಯಲ್ಲಿ ಹಾಲಿನ ಲೆಕ್ಕ ಬರೆದವಳು. ಏಳು ವರ್ಷದ ಐಜಿರೆಕ್ ಅಜ್ಜಿಯ ಬೆನ್ನಿಗೆ ಒರಗಿ ಚಿತ್ರ ಬರೆಯುತ್ತಿದ್ದಳು. ಸಾವಿನ ದಿನದಿಂದ ಅತ್ತೆ ಸೊಸೆ ಇಬ್ಬರೂ ಒಬ್ಬರೆದುರು ಒಬ್ಬರು ಅತ್ತಿರಲಿಲ್ಲ. ಕೆಲಸ ಮಾತ್ರ ಜೊತೆಯಲ್ಲಿ ಮಾಡುತ್ತಿದ್ದರು.

"ಕರೆಂಟಿನ ರಸೀತಿ. ಇದರಲ್ಲಿ ನಿನ್ನ ಮದುವೆ ವರ್ಷದ್ದೂ ಇದೆ," ಎಂದಳು ಕಾಲಿಪಾ.

"ಮೂರು ವರ್ಷದ್ದು ಸಾಕು ಅತ್ತೆ. ಅದಕ್ಕಿಂತ ಹಿಂದಿನದನ್ನ ಅವರು ಕೇಳೋ ಹಾಗಿಲ್ಲ. ಒಲೆಗೆ."

"ಆಫೀಸಿನವಳು ಕೇಳಿದ್ರೆ?"

"ನಮ್ಮ ಹತ್ರ ಮೂರು ವರ್ಷದ್ದಿದೆ, ನಿಮ್ಮ ಹತ್ರ ಕಾನೂನಿದೆಯಾ ಅಂತ ನಾನು ಕೇಳ್ತೀನಿ."

ಕಾಲಿಪಾ ನಗಲಿಲ್ಲ. ಆದರೆ ರಸೀತಿಗಳನ್ನು ಒಲೆಗೆ ಹಾಕುವ ಕೈ ಚುರುಕಾಯಿತು. "ಲಾರಿ ಸಾಲದ ಕಂತು."

"ಸಾಲ ತೀರಿದೆ ಅಂತ ಬ್ಯಾಂಕಿನವರು ಬರ್ಕೊಟ್ಟ ಪತ್ರ ಎಲ್ಲಿ? ಅದು. ಅದು ಯಾವತ್ತೂ ಇರ್ಬೇಕು. ಕಂತಿನ ಚೀಟಿ ಹೋಗ್ಲಿ."

"ನನ್ನ ಕೆಲಸದ ಪುಸ್ತಕ. ಪಿಂಚಣಿ ಬರ್ತಿದೆಯಲ್ಲ, ಇನ್ಯಾಕೆ?"

"ನೀವಿರೋವರೆಗೂ ಅದಿರುತ್ತೆ."

"ಇದು ಫ್ರಿಜ್ಜಿನ ಗ್ಯಾರಂಟಿ."

"ಯಾವ ಫ್ರಿಜ್ಜು?"

"ಮಾರಿದ್ವಲ್ಲ, ಅದು."

"ಫ್ರಿಜ್ಜೇ ಹೋದ ಮೇಲೆ ಗ್ಯಾರಂಟಿ ಯಾತಕ್ಕೆ ಕಾಯ್ಕೊಂಡು ಕೂತಿದೆ ಪಾಪ!"

ಐಜಿರೆಕ್ ಕಿಸಕ್ಕೆಂದಳು. ಗ್ಯಾರಂಟಿ ಚೀಟಿಯ ಹಿಂಬದಿ ಖಾಲಿಯಿತ್ತು. ಅದು ಅವಳ ಚಿತ್ರಕ್ಕೆ ಹೋಯಿತು.

ಮನೆಯ ಪತ್ರ ಅಡಿಯಲ್ಲಿತ್ತು. ಮಾವ ತೀರಿಕೊಂಡ ಮೇಲೆ ಅದು ಕಾಲಿಪಾಳ ಹೆಸರಿಗೆ ಬಂದಿತ್ತು. ಜಿಪಾರ್ ಅದನ್ನು ಬಟ್ಟೆಯಲ್ಲಿ ಸುತ್ತಿ ಅತ್ತೆಯ ತೊಡೆಯ ಮೇಲಿಟ್ಟಳು. ಅತ್ತೆ ಬಟ್ಟೆಯ ಗಂಟನ್ನು ಇನ್ನೊಂದು ಸಲ ಬಿಗಿದಳು.

ನಂತರ ಸಾವಿನ ದಿನದ ಖರ್ಚಿನ ಕಟ್ಟು. ಅಕ್ಕಿ, ಎಣ್ಣೆ, ಗಾಡಿ ಬಾಡಿಗೆ. ಅದರಲ್ಲಿ ಪಶುವೈದ್ಯರ ಚೀಟಿಯೂ ಒಂದಿತ್ತು: ಕಂದು ಕುದುರೆ ಒಂದು, ತೊಡೆಯ ಮೇಲೆ ಮುದ್ರೆ ೪೧೭, ಎಡ ಹಿಂಗಾಲು ಬಿಳಿ, ಕಡಿಯಲು ಯೋಗ್ಯ. ಜಿಪಾರ್ ಅದನ್ನು ಓದಿ ಇಡುವ ಕಡೆ ಇಟ್ಟಳು.

ಅರ್ಧ ಗಂಟೆ ಕಳೆದಿರಬಹುದು. ಕಾಲಿಪಾ ಒಂದು ಹಳದಿ ಕಾಗದ ಎತ್ತಿದಳು. "ಇದು ತಿಲೆಕ್‌ನ ಕುದುರೇದು. ತೋಳ ತಿಂತಲ್ಲ, ಅದು. ಕುದುರೆ ಇಲ್ಲ, ಚೀಟಿ ಇದೆ. ಫ್ರಿಜ್ಜಿನ ಹಾಗೇ."

ಕೈ ಒಲೆಯ ಕಡೆ ಹೋಗಿತ್ತು.

"ಒಂದು ನಿಮಿಷ ಅತ್ತೆ."

ಯಜಮಾನ: ತಿಲೆಕ್. ಕಂದು. ಎಡ ಹಿಂಗಾಲು ಬಿಳಿ. ಮುದ್ರೆ ೪೧೭.

ಜಿಪಾರ್ ಖರ್ಚಿನ ಕಟ್ಟನ್ನು ಬಿಚ್ಚಿ ಪಶುವೈದ್ಯರ ಚೀಟಿ ತೆಗೆದಳು. ಎರಡನ್ನೂ ಜಮಖಾನೆಯ ಮೇಲೆ ಅಕ್ಕಪಕ್ಕದಲ್ಲಿಟ್ಟಳು.

ತಿಲೆಕ್‌ಗೆ ಮೂರು ಕುದುರೆಗಳಿದ್ದವು. ದಾಮಿರ್ ಕಾಯುವ ಊರಿನ ಹಿಂಡಿನ ಜೊತೆ ಬೆಟ್ಟದಲ್ಲಿ ಮೇಯುತ್ತಿದ್ದವು. ಸಾವಿನ ನಂತರದ ತಿಂಗಳು ಅವಳು ಕೇಳಿದಾಗ ದಾಮಿರ್ ತಲೆ ತಗ್ಗಿಸಿ ಹೇಳಿದ್ದ: "ಎರಡು ಹೆಣ್ಣು ಇವೆ ಕಣಮ್ಮ. ಆ ಕಂದು ಗಂಡು ಮಾರ್ಚಿನಲ್ಲೇ ತೋಳಕ್ಕೆ ಹೋಯ್ತು. ತಮ್ಮನಿಗೆ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ." ಮಣ್ಣಿನ ದಿನ ಹೊರಗಿನಿಂದ ಬಂದ ಜನಕ್ಕೆ ಕುದುರೆ ಕಡಿಯಲಾಗಿತ್ತು. ಹಸಿರು ಪುಸ್ತಕದ ನಾಲ್ಕನೇ ಸಾಲಿನಲ್ಲಿ ಮೇಷ್ಟ್ರು ದುಂಡಗೆ ಬರೆದಿದ್ದರು: ದಾಮಿರ್, ಕುದುರೆ ಒಂದು. ಇಡೀ ಪುಸ್ತಕದಲ್ಲಿ ಅದೊಂದೇ ಕುದುರೆ. ಊರು ವರ್ಷವಿಡೀ ಅದನ್ನು ಹೊಗಳಿತ್ತು. ಲೆಕ್ಕದ ಪ್ರಕಾರ ಅಕ್ಟೋಬರಿನ ಮದುವೆಗೆ ಜಿಪಾರ್ ಅವನ ಅಂಗಳಕ್ಕೆ ಒಂದು ಕುದುರೆ, ಮತ್ತು ಅದರ ಮೇಲೆ ಇನ್ನೊಂಚೂರು, ಹೊಡೆದುಕೊಂಡು ಹೋಗಬೇಕಿತ್ತು.

ಅವಳು ಕೂತಲ್ಲೇ ಇದ್ದಳು. ಕೋಪ ಬರಬೇಕಿತ್ತು. ಬರಲಿಲ್ಲ. ವರ್ಷದಿಂದ ಏನೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಲೆಕ್ಕ ಮಾತ್ರ ತಿಳಿನೀರಿನ ಹಾಗೆ ಕಾಣುತ್ತಿತ್ತು.

"ಏನದು?" ಎಂದಳು ಕಾಲಿಪಾ.

"ಏನಿಲ್ಲ ಅತ್ತೆ. ಇದು ಇರ್ಲಿ. ಪ್ರಾಣಿ ಹೋಗಿದೆ, ಅದರ ಲೆಕ್ಕ ಮುಗಿದಿಲ್ಲ."

ಕಾಲಿಪಾ ಕೈ ಚಾಚಿದಳು. ಹಾಲಿನ ಲೆಕ್ಕ ಬರೆದವಳ ಕಣ್ಣಿಗೆ ಎರಡು ಅಂಕಿ ಒಂದೇ ಎಂದು ತಿಳಿಯಲು ಎಷ್ಟು ಹೊತ್ತು? ಮೊದಲು ಒಂದು ಚೀಟಿ ಓದಿದಳು. ಆಮೇಲೆ ಇನ್ನೊಂದು. ಮತ್ತೆ ಮೊದಲಿನದು. ಕನ್ನಡಕ ತೆಗೆದು ಸೆರಗಿನ ಹಾಗೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಒರೆಸಿದಳು. "ಹಸು ಕೂಗ್ತಿದೆ," ಎಂದು ಎದ್ದು ಹೋದಳು. ಹಸು ಕೂಗಿರಲಿಲ್ಲ.

ಆ ಸಂಜೆ, ಮರುದಿನ, ಗುರುವಾರ, ಅವಳು ಆ ಮಾತೇ ಎತ್ತಲಿಲ್ಲ. ಜಿಪಾರ್ ಕೇಳಲೂ ಇಲ್ಲ. ಸತ್ತವನೂ ಅವಳ ಮಗ, ಇರುವವನೂ ಅವಳ ಮಗ. ಮನೆಯ ಪತ್ರ ಅವಳ ತಲೆದಿಂಬಿನ ಕೆಳಗಿತ್ತು. ಪೆಟ್ಟಿಗೆಯೊಳಗಿಟ್ಟ ಆ ಎರಡು ಚೀಟಿಗಳನ್ನು ಹಿರಿಯರ ಮುಂದೆ ಇಡುವುದಿಲ್ಲ ಎಂದು ಜಿಪಾರ್ ಗುರುವಾರ ನಿರ್ಧರಿಸಿದಳು. ದಾಮಿರ್‌ನನ್ನು ಕಳ್ಳ ಮಾಡಿ ಗೆದ್ದ ಮನೆಯಲ್ಲಿ ಅವನ ತಾಯಿಯ ಜೊತೆ ಹೇಗಿರುವುದು? ಪುಸ್ತಕ ಉಳಿಸಿಕೊಳ್ಳಲು ತನಗೆ ಕುದುರೆ ಬೇಡ. ತನ್ನ ಲೆಕ್ಕ ಸಾಕು. ಅದು ಅವಳಿಗೆ ಖಚಿತವಿತ್ತು.

ಶುಕ್ರವಾರ ಶಾಲೆಯಿಂದ ಬರುವಾಗ ಹಸಿರು ಪುಸ್ತಕ ತಂದಳು.

ನಾಲ್ವರು ಹಿರಿಯರು ಬಂದರು. ಎತ್ತರದ ಬಿಳಿ ಟೋಪಿಗಳನ್ನು ತೆಗೆಯದೆಯೇ ಗೋಡೆಗೆ ಒರಗಿ ಕೂತರು. ಎಲ್ಲರಿಗಿಂತ ದೊಡ್ಡವನು ಶಾರ್ಶೆನ್. ಎಂಬತ್ತು ದಾಟಿದವನು, ಮಾವನ ಚಿಕ್ಕಪ್ಪನಾಗಬೇಕು. ಸೇತುವೆಯ ಪಕ್ಕದ ಮನೆಯವನಾದ್ದರಿಂದ ಜಿಪಾರ್ ಅವನನ್ನು ಸೇತುವೆ ತಾತ ಎನ್ನುತ್ತಿದ್ದಳು. ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಲ್ಲಿ ಹೇಳಬಾರದು. ಮದುವೆಯಾಗಿ ಬಂದ ವಾರದಲ್ಲೇ ಎಲ್ಲರೂ ಹೀಗೆ ಒಂದೊಂದು ಹೆಸರು ಹುಡುಕಿಕೊಳ್ಳುತ್ತಾರೆ. ದಾಮಿರ್ ಅವಳಿಗೆ ಭಾವ. ಹೆಸರಿಲ್ಲ.

ಜಿಪಾರ್ ಚಹ ಸುರಿದು ಬಾಗಿಲ ಪಕ್ಕ ಕೂತಳು. ಕಾಲಿಪಾ ಒಲೆಯ ಬಳಿ ಕೂತು ಕರಿದ ಹಿಟ್ಟಿನ ಬಿಲ್ಲೆಗಳನ್ನು ತಟ್ಟೆಗೆ ಹಾಕುತ್ತಿದ್ದಳು.

ದಾಮಿರ್ ತನ್ನ ಮಾತನ್ನು ಚೆನ್ನಾಗಿಯೇ ಆಡಿದ. ತಮ್ಮನ ಹೆಸರು ಹೇಳುವಾಗ ನಿಜವಾಗಿಯೂ ಕಣ್ಣೊರೆಸಿಕೊಂಡ. ಮುಯ್ಯಿ ತಪ್ಪಿದರೆ ಕುಲಕ್ಕೇ ಅವಮಾನ, ಹೆಂಗಸೊಬ್ಬಳ ಸಂಬಳದಲ್ಲಿ ಅದು ನಡೆಯುವಂಥದ್ದಲ್ಲ ಎಂದ.

ಶಾರ್ಶೆನ್ ಬಟ್ಟಲನ್ನು ಕೆಳಗಿಟ್ಟ. "ಏನಮ್ಮಾ, ನೀನೇನಂತೀಯ?"

"ನಾನು ಪುಸ್ತಕ ಕೊಡಲ್ಲ ತಾತ."

"ಆಹಾ, ನೇರವಾಗಿಯೇ ಹೇಳ್ಬಿಟ್ಳು. ಹೇಗೆ ತೀರಿಸ್ತೀಯ?"

"ಪುಸ್ತಕದಲ್ಲಿ ಇನ್ನೂರ ಹನ್ನೆರಡು ಮನೆ. ಮುಂದಿನ ಐದು ವರ್ಷದಲ್ಲಿ ಮದುವೆಗೆ ಬಂದಿರೋ ಮಕ್ಕಳಿರೋದು ನಲವತ್ತು ಮನೇಲಿ. ಅಂದ್ರೆ ವರ್ಷಕ್ಕೆ ಎಂಟು. ಸಾವು ಹೇಳಿ ಬರಲ್ಲ, ಅದಕ್ಕೆ ಇನ್ನೊಂದು ಏಳು ಇಟ್ಕೊಂಡಿದೀನಿ. ಹದಿನೈದು. ನನಗೆ ಇಪ್ಪತ್ತೆರಡು ಕುರಿ ಇದೆ, ಎರಡು ಹೆಣ್ಣು ಕುದುರೆ ಇದೆ, ಶಾಲೆ ಸಂಬಳ ಇದೆ. ಕುರಿ ಮರಿ ಹಾಕುತ್ತೆ."

"ಸಂಬಳ ಮರಿ ಹಾಕಲ್ವಲ್ಲ," ಎಂದ ಇನ್ನೊಬ್ಬ ಮುದುಕ.

"ಹಾಕಲ್ಲ ತಾತ. ಅದಕ್ಕೇ ಕುರಿ ಇಟ್ಕೊಂಡಿರೋದು."

ಶಾರ್ಶೆನ್‌ನ ಗಡ್ಡ ಅಲ್ಲಾಡಿತು. "ಪುಸ್ತಕ ಎಷ್ಟು ವರ್ಷ ಇಟ್ಕೋತೀಯ? ನಮ್ಮ ಹುಡುಗರು ಇದಾರಲ್ಲ, ಕರೆಂಟ್ ಬಿಲ್ಲಿನ ಜೊತೆ ಮುಯ್ಯಿ ಪುಸ್ತಕಾನೂ ಮೂರು ವರ್ಷಕ್ಕೆ ಸುಟ್ಟು ಹಾಕ್ತಾರೆ. ಟೀವೀಲಿ ಯಾರೋ ಹೇಳಿದ್ರಂತೆ. ನನ್ನ ಮೊಮ್ಮಗ ಸುಟ್ಟ. ಈಗ ಯಾರ ಮನೆಗೆ ಏನು ತಗೊಂಡು ಹೋಗ್ಬೇಕು ಅಂತ ನನ್ನನ್ನ ಕೇಳ್ತಾನೆ. ನಂಗೆ ನಿನ್ನೆ ಊಟ ಮಾಡಿದ್ದೇ ನೆನಪಿಲ್ಲ."

"ಬಿಲ್ಲು ಮೂರು ವರ್ಷ ತಾತ. ಇದಕ್ಕೆ ವರ್ಷ ಇಲ್ಲ. ಇದರಲ್ಲಿರೋ ಕೊನೇ ಮನೆಗೆ ತಿರುಗಿ ಕೊಡೋವರೆಗೂ ಇರುತ್ತೆ. ಕೊಟ್ಟ ಮನೆ ಸಾಲಿಗೆ ದಿನಾಂಕ ಬರೆದು ಗೆರೆ ಹೊಡೀತೀನಿ. ನಾನು ಹೋದ ಮೇಲೆ ನನ್ನ ಮಗಳು ಇಟ್ಕೋತಾಳೆ."

"ಹೆಣ್ಣು ಮದ್ವೆ ಆಗಿ ಹೋಗುತ್ತೆ!" ಎಂದ ದಾಮಿರ್.

"ಹೋಗ್ಲಿ ಭಾವ. ಪೆಟ್ಟಿಗೆ ಜೊತೆ ಪುಸ್ತಕಾನೂ ತಗೊಂಡು ಹೋಗ್ತಾಳೆ. ಋಣ ಹೊತ್ಕೊಂಡು ಬರೋ ಸೊಸೆ ಯಾರಿಗೆ ಸಿಕ್ತಾಳೆ!"

ಹಿರಿಯರು ನಕ್ಕರು. ನಗು ಬಿದ್ದ ಕಡೆಗೆ ಮಾತೂ ವಾಲುತ್ತದೆ ಎಂದು ದಾಮಿರ್‌ಗೆ ಗೊತ್ತಿತ್ತು. ಅವನು ಮಂಡಿಯೂರಿ ಮುಂದೆ ಸರಿದ.

"ಬರೀ ಮಾತು ಬೇಡ. ಪುಸ್ತಕ ಓದ್ಲಿ. ಇಲ್ಲೇ, ಎಲ್ಲರೆದುರಿಗೆ, ಮೊದಲ್ನೇ ಸಾಲಿಂದ. ಯಾರ್ಯಾರು ಏನೇನು ಕೊಟ್ಟಿದಾರೆ, ಎಷ್ಟು ದೊಡ್ಡ ಭಾರ ಅಂತ ಹಿರಿಯರಿಗೂ ಗೊತ್ತಾಗ್ಲಿ."

ನಾಲ್ಕನೇ ಸಾಲು ಎಲ್ಲರೆದುರು ಕೇಳಬೇಕೆಂದು ಅವನಿಗೆ ಆಸೆ. ಕೊಟ್ಟವನೇ ತಾನು, ಹೊರುವವನೂ ತಾನೇ ಎಂದಾಗ ಯಾರು ಎದುರಾಡುತ್ತಾರೆ?

ಒಬ್ಬ ಮುದುಕನಿಗೆ ಕೆಮ್ಮು ಬಂತು. ಇನ್ನೊಬ್ಬ ಕರಿದ ಬಿಲ್ಲೆಯನ್ನು ಬಹಳ ಹೊತ್ತು ಅಗಿದ. ಶಾರ್ಶೆನ್ ಮಾತ್ರ, "ಓದೋದೇನೂ ಬೇಕಾಗಿಲ್ಲ ಬಿಡಪ್ಪ, ಚಹ ಆರ್ತಿದೆ," ಎಂದು ಬಟ್ಟಲು ಎತ್ತಿದ. ಚಹ ಆಗಲೇ ಖಾಲಿಯಾಗಿತ್ತು. ಅವರಲ್ಲಿ ಯಾರ ಸಾಲಿನಲ್ಲಿ ಚಹದ ಪೊಟ್ಟಣ ಮಾತ್ರ ಇದೆ, ಯಾರ ಲಕೋಟೆ ಎಷ್ಟು ತೆಳ್ಳಗಿತ್ತು ಎಂದು ಜಿಪಾರ್‌ಗೆ ಬಾಯಿಪಾಠವಾಗಿತ್ತು.

"ಓದೋಕಾಗಲ್ಲ ಭಾವ," ಎಂದಳು ಅವಳು. "ಅರ್ಧಕ್ಕರ್ಧ ಹೆಸರು ನನ್ನ ನಾಲಿಗೆ ಮೇಲೆ ಬರಬಾರದ ಹೆಸರು. ಹಿರಿಯರೆಲ್ಲ ಇಲ್ಲೇ ಕೂತಿದಾರೆ. ಅವರ ಮುಖದೆದುರಿಗೆ ಅವರ ಹೆಸರು ಹೇಳ್ಲಾ?"

"ಅಯ್ಯೋ, ಈಗ ಬಂತಾ ಸಂಪ್ರದಾಯ!" ಎಂದಳು ನಸಿಪಾ ಅಡುಗೆಮನೆಯ ಬಾಗಿಲಿಂದ. "ಹೋದ ತಿಂಗಳು ಕರೆಂಟ್ ಆಫೀಸಿನಲ್ಲಿ ನಮ್ಮೆಜಮಾನ್ರ ಹೆಸರನ್ನ ಟಕ್ ಅಂತ ಹೇಳ್ದೋಳು ನೀನೇ ಅಲ್ವಾ?"

"ಕರೆಂಟ್ ಆಫೀಸಿನಲ್ಲಿ ಹಿರಿಯರು ಯಾರೂ ಇರ್ಲಿಲ್ಲ ಅಕ್ಕ. ಒಂದು ಕಂಪ್ಯೂಟರ್ ಇತ್ತು."

"ಕೊಡಿಲ್ಲಿ, ನಾನೇ ಓದ್ತೀನಿ."

"ನಿಮಗೂ ಅದೇ ನಾಲಿಗೆ ತಾನೇ ಅಕ್ಕ? ನೀವೂ ಈ ಮನೆ ಸೊಸೇನೇ."

"ಹಾಗಾದ್ರೆ ನಾನು ಓದ್ತೀನಿ," ಎಂದ ದಾಮಿರ್, ಕೈ ಚಾಚಿದ.

ಜಿಪಾರ್ ಪುಸ್ತಕವನ್ನು ಮಡಿಲಲ್ಲಿ ಒತ್ತಿಕೊಂಡಳು. "ನನ್ನ ಬಾಗಿಲಿಗೆ ತಂದವರು ನನ್ನ ಬಾಗಿಲಿಗೆ ಮಾತ್ರ ತಂದಿದಾರೆ ಭಾವ. ಇನ್ನೊಬ್ಬರ ಕಿವಿಗೆ ಅಂತ ತಂದಿಲ್ಲ. ತಮ್ಮ ಸಾಲು ಕೇಳಬೇಕು ಅಂತ ಇರೋರು ನಾಳೆ ಒಬ್ಬೊಬ್ಬರೇ ಬರ್ಲಿ. ಬೆರಳಿಟ್ಟು ತೋರಿಸ್ತೀನಿ. ಬೇರೆಯವರ ಸಾಲು ತೋರಿಸಲ್ಲ."

"ನೋಡಿದ್ರಾ? ಏನೋ ಮುಚ್ಚಿಡ್ತಿದಾಳೆ!"

ಆಗ ಒಲೆಯ ಬಳಿಯಿಂದ ಕಾಲಿಪಾ ಎದ್ದಳು. ಹಿಟ್ಟಿನ ಕೈ ಒರೆಸಿಕೊಂಡು ಬಂದು ಸೊಸೆಯ ಎದುರು ನಿಂತಳು. "ಕೊಡು ಮಗಳೇ."

ಜಿಪಾರ್ ಮೇಲೆ ನೋಡಿದಳು. ಅತ್ತೆಯ ಮುಖದಲ್ಲಿ ಏನೂ ಓದಲಾಗಲಿಲ್ಲ. ಇಡೀ ವಾರದಲ್ಲಿ ಮೊದಲ ಸಲ ಅವಳಿಗೆ ಭಯವಾಯಿತು. ಆದರೂ ಕೊಟ್ಟಳು. ಮನೆ ಅತ್ತೆಯದು.

"ಅವಳಿಗೆ ಆಗ್ದಿದ್ರೆ ನನಗಾಗುತ್ತೆ," ಎಂದಳು ಕಾಲಿಪಾ. "ನಾನು ಮುದುಕಿ. ನನಗೆ ಯಾರ ಹೆಸರಿನ ಭಯ? ಎಲ್ಲರ ಸಾಲೂ ಓದಲ್ಲ, ಹೆದರ್ಬೇಡಿ. ನಾನು ಹೆತ್ತವನದ್ದು ಮಾತ್ರ ಓದ್ತೀನಿ. ಅವನ ಹೆಸರು ಇಟ್ಟೋಳೇ ನಾನು."

ಕನ್ನಡಕ ಹಾಕಿಕೊಂಡಳು. ಪುಟದ ಮೇಲೆ ಬೆರಳಿಟ್ಟಳು.

"ದಾಮಿರ್," ಎಂದು ಓದಿದಳು.

ನಿಲ್ಲಿಸಿದಳು. ಕನ್ನಡಕದ ಮೇಲಿಂದ ಮಗನನ್ನು ನೋಡಿದಳು.

ದಾಮಿರ್ ನೆಟ್ಟಗೆ ಕೂತ. ಹಿರಿಯರು ಮುಂದಿನ ಮಾತಿಗಾಗಿ ಕಾದರು. ಆ ಮಾತು ಏನೆಂದು ಊರಿಗೇ ಗೊತ್ತಿದ್ದರಿಂದ ಹೊಗಳಲು ಬಾಯಿ ಸಿದ್ಧವಾಗಿತ್ತು. ಕಾಲಿಪಾ ಓದಲಿಲ್ಲ. ಅಂಗಿಯ ಜೇಬಿನಿಂದ ಎರಡು ಚೀಟಿ ತೆಗೆದಳು, ಒಂದು ಬಿಳಿ, ಒಂದು ಹಳದಿ. ತೆರೆದ ಪುಟದ ಮೇಲೆ ಅವುಗಳನ್ನು ಅಕ್ಕಪಕ್ಕದಲ್ಲಿಟ್ಟು, ಅಂಕಿ ಕಾಣುವ ಹಾಗೆ ಮಗನ ಕಡೆಗೆ ತಿರುಗಿಸಿದಳು. ಹಿರಿಯರಿಗೆ ಪುಸ್ತಕದ ಹಸಿರು ರಟ್ಟು ಮಾತ್ರ ಕಾಣುತ್ತಿತ್ತು.

"ಮುಂದಿಂದೂ ಓದ್ಲಾ ಮಗನೇ?"

ದಾಮಿರ್ ನೋಡಿದ. ಎಷ್ಟು ಹೊತ್ತು ನೋಡಿದ ಎಂದರೆ, ಶಾರ್ಶೆನ್ ತನ್ನ ಬಟ್ಟಲನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡತೊಡಗಿದ.

"ಬೇಡ ಅಮ್ಮ," ಎಂದ ದಾಮಿರ್.

"ಬೇಡ ಅಂದ್ರೆ?"

"ಪುಸ್ತಕ ಈ ಮನೇಲೇ ಇರ್ಲಿ. ಓದೋದೂ ಬೇಡ."

"ಮನೆ?"

ಕಾಲಿಪಾ ಈ ಪ್ರಶ್ನೆ ಕೇಳಬಹುದೆಂದು ಯಾರೂ ಎಣಿಸಿರಲಿಲ್ಲ. ನಸಿಪಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಮನೇನೂ," ಎಂದ ದಾಮಿರ್. "ಮಗನಿಗೆ ನಮ್ಮ ಹಿತ್ತಿಲಲ್ಲೇ ಒಂದು ಕೋಣೆ ಹಾಕ್ತೀನಿ."

ಕಾಲಿಪಾ ಚೀಟಿಗಳನ್ನು ಪುಸ್ತಕದೊಳಗೆ ಸೇರಿಸಿ ಮುಚ್ಚಿ ಸೊಸೆಗೆ ಕೊಟ್ಟಳು. ಒಲೆಯ ಬಳಿ ಹೋಗಿ ಕೂತಳು. "ಎಣ್ಣೆ ಕಾದು ಹೋಯ್ತು," ಎಂದು ಯಾರಿಗೋ ಬೈದಳು.

ಏನೋ ನಡೆಯಿತು ಎಂದು ಶಾರ್ಶೆನ್‌ಗೆ ತಿಳಿಯಿತು. ಏನು ಎಂದು ಕೇಳುವಷ್ಟು ಚಿಕ್ಕವನಾಗಿರಲಿಲ್ಲ. ಅಂಗೈ ಎತ್ತಿ, ಈ ಮನೆಯ ಒಲೆ ಆರದಿರಲಿ, ಬಾಗಿಲಿಗೆ ಬಂದವರು ತಿರುಗಿ ಹೋಗದಿರಲಿ ಎಂದು ಹರಸಿದ. ಎಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡರು. ಎದ್ದು ಹೊರಡುವಾಗ ಅವನು ಜಿಪಾರ್ ಪಕ್ಕ ನಿಂತು ಮೆಲ್ಲಗೆ ಕೇಳಿದ, "ನನ್ನ ಸಾಲಿನಲ್ಲಿ ಏನಿದೆಯಮ್ಮ? ನಿಜ ಹೇಳು, ಮೊಮ್ಮಗ ಸುಟ್ಟಿದಾನಲ್ಲ, ನಂಗೆ ನೆನಪಿಲ್ಲ."

"ಕಿವಿ ಕೊಡಿ ತಾತ."

ಅವಳು ಹೇಳಿದಳು. ಮುದುಕನ ಕಿವಿ ಕೆಂಪಾಯಿತು. "ಅಷ್ಟೇನಾ? ನಿನ್ನ ಮಗಳ ಮದ್ವೆಗೆ ಸರಿ ಮಾಡ್ತೀನಿ," ಎಂದ. "ಬದುಕಿದ್ರೆ."

ದಾಮಿರ್ ಕೊನೆಗೆ ಹೊರಟ. ಅಂಗಳದಲ್ಲಿ ಬೂಟು ಹಾಕಿಕೊಳ್ಳುತ್ತ ತಲೆ ಎತ್ತಲಿಲ್ಲ.

"ಅವತ್ತು ಕೈಯಲ್ಲಿ ಏನೂ ಇರ್ಲಿಲ್ಲ," ಎಂದ. "ಅಣ್ಣನಾಗಿ ಬರೀ ಕೈಯಲ್ಲಿ ಹೇಗೆ ನಿಲ್ಲೋದು ಅಂತ... ಆಮೇಲೆ ಹೇಳೋಣ ಅಂದ್ಕೊಂಡೆ. ಜನ ಹೊಗಳೋಕೆ ಶುರು ಮಾಡಿದ್ರು."

ಜಿಪಾರ್‌ಗೆ ಅದು ನಿಜವಿರಬಹುದು ಎನಿಸಿತು.

"ಅಕ್ಟೋಬರಿಗೆ ನೀನು ಕುದುರೆ ತರೋದೇನೂ ಬೇಡ."

"ತರಲ್ಲ ಭಾವ. ಒಂದು ಕುರಿ ತರ್ತೀನಿ. ನಿಮ್ಮನೆ ಮದುವೆಗೆ ನಾನೂ ಬರೀ ಕೈಯಲ್ಲಿ ಬರಲ್ಲ."

ಅವನು ಹೋದ ಮೇಲೆ ಅತ್ತೆ ಸೊಸೆ ಬಟ್ಟಲು ತೊಳೆದರು. ಬಟ್ಟಲುಗಳೆಲ್ಲ ಮುಗಿದ ಮೇಲೆ ಕಾಲಿಪಾ, ನೀರಿನ ಕಡೆಗೇ ನೋಡುತ್ತ, "ಅವನೂ ನನ್ನ ಹೊಟ್ಟೇಲಿ ಹುಟ್ಟಿದವನೇ," ಎಂದಳು.

"ಗೊತ್ತು ಅತ್ತೆ."

"ಸತ್ತವನೂ."

"ಹೂಂ."

ಮುದುಕಿ ಬಟ್ಟಲನ್ನು ಬೋರಲು ಹಾಕಿ ಅಲ್ಲೇ ಕೂತು ಅತ್ತಳು. ವರ್ಷದಲ್ಲಿ ಮೊದಲ ಸಲ ಸೊಸೆಯ ಎದುರಿಗೆ. ಜಿಪಾರ್‌ಗೆ ಅಳು ಬರಲಿಲ್ಲ. ಅತ್ತೆಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು. ಒದ್ದೆ ಕೈ. ಒರೆಸಿಕೊಳ್ಳಬೇಕೆಂದೂ ತೋಚಲಿಲ್ಲ.

ಸೋಮವಾರ ಶಾಲೆಗೆ ಹೊರಡುವ ಹೊತ್ತಿಗೆ ಹಳೆಯ ಕಾರೊಂದು ಬೀದಿಯಲ್ಲಿ ಬಂತು. ಮೇಲಿನ ಕೇರಿಯ ಗಿರಣಿಯವನ ಅಳಿಯ, ಕೈಯಲ್ಲಿ ಕರೆಯಬೇಕಾದವರ ಪಟ್ಟಿ. ಪಕ್ಕದ ಮನೆಯ ಮುಂದೆ ನಿಂತ, ಕೂಗಿದ, ಹೇಳಿದ, ಮತ್ತೆ ಕಾರು ಹತ್ತಿದ. ಜಿಪಾರ್ ಬೇಲಿಯ ಒಳಗೆ ಚೀಲ ಹಿಡಿದು ನಿಂತಿದ್ದಳು. ಕಾರು ನಿಧಾನವಾಯಿತು. ಅವನು ಪಟ್ಟಿ ನೋಡಿದ, ಗೇಟು ನೋಡಿದ, ಪೆನ್ಸಿಲಿನಿಂದ ಕಿವಿ ಕೆರೆದುಕೊಂಡ. ಇಳಿದ.

"ಮೇಡಂ, ನಿಮ್ಮನೇಗೂ ಹೇಳ್ಬೇಕು ಅಂದ್ರು ಮಾವ. ಶನಿವಾರ ಮೊಮ್ಮಗೂನ ತೊಟ್ಟಿಲಿಗೆ ಹಾಕ್ತಾರೆ. ಯಜಮಾನ್ರು... ಅಂದ್ರೆ, ಯಾರಿಗೆ ಹೇಳ್ಬೇಕು ಈಗ?"

"ನನಗೇ ಹೇಳಿ."

"ಶನಿವಾರ, ಹನ್ನೊಂದಕ್ಕೆ," ಎಂದ ಅವನು, ಪಟ್ಟಿಯಲ್ಲಿ ಗುರುತು ಹಾಕುತ್ತ. "ಎಲ್ಲರೂ ಬನ್ನಿ."

"ಬರ್ತೀವಿ."

ಗಿರಣಿಯವನ ಸಾಲು ಅವಳಿಗೆ ನೆನಪಿತ್ತು. ಎರಡು ವರ್ಷದ ಟಗರು ಒಂದು, ಹಿಟ್ಟು ಅರ್ಧ ಚೀಲ. ಕಾರು ಮುಂದಿನ ಮನೆಗೆ ಹೋಯಿತು. ಜಿಪಾರ್ ಚೀಲವನ್ನು ಬೇಲಿಗೆ ನೇತುಹಾಕಿ ಕೊಟ್ಟಿಗೆಯ ಕಡೆ ನಡೆದಳು. ಮೊದಲ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಟಗರುಗಳ ಬೆನ್ನಿನ ಉಣ್ಣೆ ಸರಿಸಿ, ಬೆರಳಿನಿಂದ ಕೊಬ್ಬು ಮುಟ್ಟಿ ನೋಡುತ್ತ ಹೋದಳು. ಮೂಲೆಯಲ್ಲಿದ್ದ ಕರಿ ಮೂತಿಯದು ಗಿರಣಿಯವನು ಕೊಟ್ಟದ್ದಕ್ಕಿಂತ ಒಂದು ಕೈ ಹೆಚ್ಚೇ ತೂಗುತ್ತಿತ್ತು.